ಎಳೆಯ ಪಿಚರ್‌ಗಳನ್ನು ಮೇಲಕ್ಕೆ ಕಳಿಸುವುದು ಯಾವಾಗ? ಸೋಲುವ ತಂಡವೊಂದರ ಒಳಗಿನಿಂದ ನನ್ನ ಅನುಭವ

ಬೇಸ್‌ಬಾಲ್‌ನಲ್ಲಿ ತಂಡವನ್ನು ಹೊಸದಾಗಿ ಕಟ್ಟುವುದು ಅಂದರೆ, ಬಿಡಿಸಿ ಹೇಳಬೇಕೆಂದರೆ, ಗೊತ್ತಿದ್ದೂ ಸೋಲುವುದು. ದುಬಾರಿ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಇಪ್ಪತ್ತರ ಆಸುಪಾಸಿನ ಹುಡುಗರನ್ನು ತಂದುಕೊಂಡು, ವರ್ಷದ 162 ಪಂದ್ಯಗಳಲ್ಲಿ ನೂರರ ಹತ್ತಿರ ಸೋತು ಕಾಯುವುದು. ಹ್ಯೂಸ್ಟನ್ ಆಸ್ಟ್ರೋಸ್ 2011ರಿಂದ 2013ರವರೆಗೆ ಕ್ರಮವಾಗಿ 106, 107, 111 ಪಂದ್ಯ ಸೋತಿತು, 2017ರಲ್ಲಿ ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ಎಲ್ಲರಿಗೂ ಅದೇ ದಾರಿ ಕಂಡಿತು. ನಾನು ಕೆಲಸ ಮಾಡುವ ಕ್ಲಬ್ ಕೂಡ ಅದೇ ದಾರಿ ಹಿಡಿಯಿತು. ಹೆಸರು ಹೇಳುವಂತಿಲ್ಲ, ಕೆಲಸದ ಕರಾರು ಹಾಗಿದೆ.

ಸಂಖ್ಯಾಶಾಸ್ತ್ರ ಓದಲು ಅಮೆರಿಕಕ್ಕೆ ಬಂದು ಇಲ್ಲೇ ಉಳಿದುಕೊಂಡವನು ನಾನು. ಕ್ಲಬ್ಬಿನ ಅಂಕಿಅಂಶ ವಿಭಾಗದಲ್ಲಿ ನನ್ನ ಪಾಲಿಗೆ ಬಂದದ್ದು ಮೈನರ್ ಲೀಗ್‌ನ, ಅಂದರೆ ಆಟಗಾರರನ್ನು ತಯಾರು ಮಾಡುವ ಕೆಳಗಿನ ಹಂತಗಳ, ಪಿಚರ್‌ಗಳು (ಚೆಂಡೆಸೆಯುವವರು). ಪ್ರತಿಯೊಬ್ಬನ ಮೇಲೂ ವರದಿ ಬರೆದು, ಕೊನೆಗೆ ಒಂದೇ ಸಾಲಿನ ಶಿಫಾರಸು ಕೊಡಬೇಕು: ಮೇಲಕ್ಕೆ ಕಳಿಸಿ, ಅಲ್ಲೇ ಇರಲಿ, ಅಥವಾ ಒಂದು ಮೆಟ್ಟಿಲು ಇಳಿಸಿ. ನಮ್ಮಲ್ಲಿ ರಣಜಿ ಆಡುವ ಹುಡುಗ ರಾಜ್ಯ ಸಂಸ್ಥೆಯವನು, ಭಾರತ ತಂಡಕ್ಕೆ ಆರಿಸುವವರು ಬೇರೆಯವರು. ಇಲ್ಲಿ ಸಿಂಗಲ್-ಎಯಿಂದ ಹೈ-ಎ, ಡಬಲ್-ಎ, ಟ್ರಿಪಲ್-ಎ ದಾಟಿ ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ವರೆಗೆ ಆಟಗಾರನ ಸಂಬಳ, ತರಬೇತಿ, ಬಡ್ತಿ ಎಲ್ಲವೂ ಒಂದೇ ಕ್ಲಬ್ಬಿನ ಕೈಯಲ್ಲಿ. ಹಾಗಾಗಿ ತಪ್ಪಾದರೆ ಬೇರೆಯವರನ್ನು ದೂರುವಂತಿಲ್ಲ.

ಮೊದಲು ನಾನು ಬದಿಗಿಟ್ಟದ್ದು ಇಆರ್‌ಎಯನ್ನು. ಒಂಬತ್ತು ಇನಿಂಗ್ಸ್‌ಗೆ ಪಿಚರ್‌ನ ಲೆಕ್ಕಕ್ಕೆ ಬೀಳುವ ರನ್‌ಗಳ ಸರಾಸರಿ ಅದು. ಅಭಿಮಾನಿಗಳು ನೋಡುವುದು ಅದನ್ನೇ, ಟಿವಿಯವರು ಓದುವುದೂ ಅದನ್ನೇ. ಡಬಲ್-ಎಯಲ್ಲಿದ್ದ ನಮ್ಮ ಎಡಗೈ ಹುಡುಗನೊಬ್ಬನ ಇಆರ್‌ಎ ಎರಡರ ಹತ್ತಿರ ಇತ್ತು. "ಮೇಲಿನ ತಂಡ ದಿನಾ ಸೋಲುತ್ತಿದೆ, ಇವನನ್ನು ಯಾಕೆ ಅಲ್ಲಿ ಕೂರಿಸಿದ್ದೀರಿ?" ಅಂತ ಊರಿಗೆ ಊರೇ ಕೇಳುತ್ತಿತ್ತು. ನಾನು ಅವನ ವಿಡಿಯೊಗಳನ್ನು ಹಾಕಿಕೊಂಡು ಕೂತೆ. ಎರಡು ಬಾಲ್ (ಗುರಿ ತಪ್ಪಿದ ಎಸೆತ), ಸೊನ್ನೆ ಸ್ಟ್ರೈಕ್ (ಪಿಚರ್ ಪರ ಲೆಕ್ಕಕ್ಕೆ ಬೀಳುವ ಎಸೆತ). ಬ್ಯಾಟರ್‌ಗೆ ಅನುಕೂಲದ ಕೌಂಟ್, ಅಂದರೆ ಬಾಲ್-ಸ್ಟ್ರೈಕ್ ಲೆಕ್ಕ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಚೇಂಜ್‌ಅಪ್ (ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ) ಕೇಳುತ್ತಾನೆ, ಹುಡುಗ ಬೇಡವೆಂದು ತಲೆ ಅಲ್ಲಾಡಿಸುತ್ತಾನೆ. ಗಂಟೆಗೆ 96 ಮೈಲಿಯ ಫಾಸ್ಟ್‌ಬಾಲ್ ಬ್ಯಾಟರ್ ಮುಂದಿನ ಪ್ಲೇಟ್‌ನ ನಟ್ಟನಡುವೆ ಬರುತ್ತದೆ. ಬ್ಯಾಟರ್ ತಡವಾಗಿ ಬೀಸಿ ಸುಲಭದ ಕ್ಯಾಚ್ ಕೊಡುತ್ತಾನೆ. ಸ್ಕೋರ್‌ಕಾರ್ಡ್‌ನಲ್ಲಿ ಅದು ಔಟ್. ಅದೇ ಎಸೆತಕ್ಕೆ ಮೇಜರ್ ಲೀಗ್‌ನ ಬ್ಯಾಟರ್ ತಡಮಾಡುವುದಿಲ್ಲ, ಚೆಂಡು ಗ್ಯಾಲರಿಯಲ್ಲಿ ಬೀಳುತ್ತದೆ.

ಆಮೇಲಿಂದ ನನ್ನ ಹಾಳೆಯಲ್ಲಿ ಒಂದು ಕಾಲಂ ಕಾಯಂ ಆಯಿತು: ಹಿಂದೆ ಬಿದ್ದ (ಸ್ಟ್ರೈಕ್‌ಗಿಂತ ಬಾಲ್ ಹೆಚ್ಚಾದ) ಕೌಂಟ್‌ಗಳಲ್ಲಿ ಫಾಸ್ಟ್‌ಬಾಲ್ ಬಿಟ್ಟು ಬೇರೆ ಎಸೆತ ಎಷ್ಟು ಸಲ, ಅದರಲ್ಲಿ ಸ್ಟ್ರೈಕ್ ಎಷ್ಟು ಸಲ. ಇಡೀ ವರದಿಯಲ್ಲಿ ಯಾವುದಾದರೂ ಒಂದೇ ಅಂಕಿ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಒಂದೇ ಎಸೆತದಲ್ಲಿ ಗೆಲ್ಲುತ್ತಿರುವ ಹುಡುಗನಿಗೆ ಆ ಮೆಟ್ಟಿಲು ಏನನ್ನೂ ಕಲಿಸುತ್ತಿಲ್ಲ. ಅಂಥವನನ್ನು ಅಲ್ಲೇ ಇಟ್ಟು ಇನ್ನಷ್ಟು ಗೆಲ್ಲಿಸಿದರೆ ಕೆಟ್ಟ ಅಭ್ಯಾಸ ಗಟ್ಟಿಯಾಗುತ್ತದೆ, ಅಷ್ಟೇ. ಹಾಗಂತ ನೇರವಾಗಿ ಮೇಜರ್ ಲೀಗ್‌ಗೂ ತಳ್ಳುವಂತಿಲ್ಲ. ಎಡಗೈ ಹುಡುಗನ ವಿಷಯದಲ್ಲಿ ನಾನು ಬರೆದದ್ದು ಟ್ರಿಪಲ್-ಎಗೆ ಕಳಿಸಿ ಅಂತ. ಅಲ್ಲಿ ಬ್ಯಾಟರ್‌ಗಳಲ್ಲಿ ಅನೇಕರು ಮೇಜರ್ ಲೀಗ್ ಕಂಡು ಇಳಿದು ಬಂದವರು. ಮಧ್ಯಕ್ಕೆ ಬಿದ್ದ ಫಾಸ್ಟ್‌ಬಾಲ್‌ಗೆ ಅವರೇ ಪಾಠ ಹೇಳುತ್ತಾರೆ, ಕೋಚ್ ಗಂಟಲು ಹರಿದುಕೊಳ್ಳಬೇಕಾಗಿಲ್ಲ.

ಟ್ರಿಪಲ್-ಎಯ ಅಂಕಿಗಳನ್ನು ಓದುವುದೇ ಒಂದು ಬೇರೆ ವಿದ್ಯೆ. ಡಬಲ್-ಎವರೆಗೆ ಬಳಸುವ ಚೆಂಡು ಬೇರೆ, ಟ್ರಿಪಲ್-ಎಯಲ್ಲಿ ಮೇಜರ್ ಲೀಗ್‌ನದೇ ಚೆಂಡು. ಹೊಲಿಗೆಯ ಹಿಡಿತ ಬದಲಾಗುವುದರಿಂದ ಮೊದಲ ಕೆಲವು ಪಂದ್ಯಗಳಲ್ಲಿ ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ) ಎಲ್ಲೆಲ್ಲೋ ಹೋಗುತ್ತದೆ. ನಮ್ಮ ಟ್ರಿಪಲ್-ಎ ತಂಡ ಆಡುವುದು ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ. ಅಲ್ಲಿನ ಆಲ್ಬುಕರ್ಕಿ ಸಮುದ್ರಮಟ್ಟದಿಂದ 5,000 ಅಡಿಗೂ ಎತ್ತರದಲ್ಲಿದೆ. ರಿನೊ, ಸಾಲ್ಟ್ ಲೇಕ್ ಸಿಟಿಗಳೂ ಎತ್ತರದ ಊರುಗಳೇ. ಗಾಳಿ ತೆಳುವಾದಲ್ಲಿ ಎಸೆದ ಚೆಂಡು ಕಡಿಮೆ ಬಾಗುತ್ತದೆ, ಹೊಡೆದದ್ದು ದೂರ ಹಾರುತ್ತದೆ. ಆಲ್ಬುಕರ್ಕಿಯಲ್ಲಿ ಆರು ರನ್ ಕೊಟ್ಟ ಎಂದು ಯಾರಾದರೂ ಮುಖ ಸಿಂಡರಿಸಿದರೆ ನಾನು ಆ ಪಂದ್ಯದ ರನ್ ನೋಡುವುದಿಲ್ಲ. ಚೆಂಡು ಕೈ ಬಿಡುವ ಜಾಗ, ವೇಗ, ಸುತ್ತು ಇಷ್ಟನ್ನು ನೋಡುತ್ತೇನೆ. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ತೀರ್ಮಾನಕ್ಕೆ ಬಳಸುವ ಹಾಕ್-ಐ ಕ್ಯಾಮೆರಾಗಳೇ ಇಲ್ಲಿ ಅದನ್ನೆಲ್ಲ ಅಳೆಯುವುದು.

ಸ್ಟ್ರೈಕ್ ಜೋನ್‌ನದೂ (ಚೆಂಡು ಹಾದುಹೋದರೆ ಸ್ಟ್ರೈಕ್ ಆಗುವ ಜಾಗ) ಒಂದು ಕಥೆಯಿದೆ. 2023ರಲ್ಲಿ ಟ್ರಿಪಲ್-ಎ ಮೈದಾನಗಳಲ್ಲೆಲ್ಲ ಯಂತ್ರ ಅಳೆಯುವ ಜೋನ್ ಬಂತು. ಡಬಲ್-ಎಯಲ್ಲಿ ಅಂಪೈರ್ ಔದಾರ್ಯದಿಂದ ಅಂಚಿನಾಚೆಗೂ ಸ್ಟ್ರೈಕ್ ಪಡೆಯುತ್ತಿದ್ದ ಹುಡುಗರು ಅಲ್ಲಿಗೆ ಬಂದು ವಾಕ್ ಮೇಲೆ ವಾಕ್ (ನಾಲ್ಕು ಬಾಲ್ ಆದಾಗ ಬ್ಯಾಟರ್‌ಗೆ ಪುಕ್ಕಟೆ ಬೇಸ್) ಕೊಡುತ್ತಿದ್ದರು. ಮೊದಮೊದಲು ಇದನ್ನು ನೋಡಿ ಕೋಚ್‌ಗಳು ಗಾಬರಿಯಾದರು. ನನಗೆ ಮಾತ್ರ ಇದು ಉಪಕಾರವೇ ಆಯಿತು. ಯಾರು ನಿಜಕ್ಕೂ ಗುರಿಯಿಟ್ಟು ಎಸೆಯುತ್ತಾರೆ, ಯಾರನ್ನು ಚೆಂಡನ್ನು ಒಳಕ್ಕೆಳೆದು ತೋರಿಸುವ ಕ್ಯಾಚರ್‌ನ ಗ್ಲವ್ ಕಾಪಾಡುತ್ತಿತ್ತು ಅನ್ನುವುದು ಬೇಗ ಬೇರೆಯಾಯಿತು.

ಇನ್ನೊಂದು ಪರೀಕ್ಷೆ ನನಗೆ ವೇಳಾಪಟ್ಟಿಯಿಂದಲೇ ಸಿಕ್ಕಿತು. ಮೈನರ್ ಲೀಗ್‌ನಲ್ಲಿ ಸಾಮಾನ್ಯವಾಗಿ ಸೋಮವಾರ ರಜೆ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಪಂದ್ಯ. ಹುಡುಗರು ವಾರಕ್ಕೊಮ್ಮೆ ಎಸೆದು ಆರಾಮಾಗಿರುತ್ತಾರೆ. ಮೇಜರ್ ಲೀಗ್‌ನಲ್ಲಿ ನಾಲ್ಕೈದು ದಿನದ ವಿಶ್ರಾಂತಿಗೇ ಮತ್ತೆ ಸರದಿ ಬರುತ್ತದೆ. ಅದಕ್ಕೆ ಬಡ್ತಿಯ ಹೊಸ್ತಿಲಲ್ಲಿರುವವನಿಗೆ ಮಂಗಳವಾರವೂ ಭಾನುವಾರವೂ ಎಸೆಯಲು ಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನಾಲ್ಕು ದಿನದ ವಿಶ್ರಾಂತಿಯಲ್ಲಿ ವೇಗ ಉಳಿಯುತ್ತದೆಯೇ ಎಂಬುದು ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಂಗಳವಾರ ಅವನನ್ನು ಎದುರಿಸಿದ ಅದೇ ಒಂಬತ್ತು ಜನ ಭಾನುವಾರ ಮತ್ತೆ ಎದುರಿಗೆ ನಿಂತಿರುತ್ತಾರೆ. ಅಷ್ಟರಲ್ಲಿ ಅವರು ವಿಡಿಯೊ ನೋಡಿ ಇವನ ಗುಟ್ಟು ತಿಳಿದುಕೊಂಡಿರುತ್ತಾರೆ. ಭಾನುವಾರ ಅವನು ಬೇರೆ ಕ್ರಮದಲ್ಲಿ ಎಸೆದನೇ, ಅದೇ ರಾಗ ಅದೇ ಹಾಡೇ? ಡಬಲ್-ಎಯಲ್ಲಿ ಮಿಂಚಿದ ಒಬ್ಬ ಬಲಗೈ ಪಿಚರ್ ಈ ಭಾನುವಾರದ ಪಂದ್ಯಗಳಲ್ಲಿ ಮೂರನೇ ಇನಿಂಗ್ಸ್ ದಾಟಲು ಒದ್ದಾಡುತ್ತಿದ್ದ. ಅವನು ಈಗ ಬುಲ್‌ಪೆನ್‌ನಲ್ಲಿ (ಪಂದ್ಯದ ನಡುವೆ ಬಂದು ಎಸೆಯುವವರ ಗುಂಪು) ಒಂದೊಂದೇ ಇನಿಂಗ್ಸ್ ಎಸೆದುಕೊಂಡು ಚೆನ್ನಾಗಿದ್ದಾನೆ.

ತೋಳಿನ ವಿಷಯಕ್ಕೆ ಬಂದರೆ ನನ್ನ ಅಂಕಿಗಳಿಗೆ ಧೈರ್ಯ ಸಾಲದು. ಹಿಂದಿನ ವರ್ಷಕ್ಕಿಂತ 30 ಇನಿಂಗ್ಸ್ ಹೆಚ್ಚಾದರೆ ಅಪಾಯ ಅನ್ನುವ ಮಾತು ಬಹುಕಾಲ ಓಡಾಡಿತು, ಲೆಕ್ಕ ಹಾಕಿ ನೋಡಿದವರಿಗೆ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೂ ಯಾರೂ ಅದನ್ನು ಪೂರ್ತಿ ಕೈಬಿಟ್ಟಿಲ್ಲ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರ ಜೂನ್ 8ರಂದು ವಾಷಿಂಗ್ಟನ್ ಪರ ಮೊದಲ ಪಂದ್ಯದಲ್ಲೇ 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ, ಅದೇ ವರ್ಷ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. ಮೆಟ್ಸ್ ತಂಡ 1995ರ ಹೊತ್ತಿಗೆ 'ಜನರೇಶನ್ ಕೆ' ಎಂದು ಮೆರೆಸಿದ ಮೂವರು ಹುಡುಗರೂ ಗಾಯಗಳಿಗೆ ಸಿಕ್ಕಿಬಿದ್ದರು. ಕೆಳಗೆ ಬೆಚ್ಚಗೆ ಇಟ್ಟುಕೊಂಡರೆ ತೋಳು ಉಳಿಯುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ಎಸೆಯುವ ಎಸೆತ ಎಲ್ಲಿ ಎಸೆದರೂ ತೋಳಿನ ಲೆಕ್ಕಕ್ಕೇ ಹೋಗುತ್ತದೆ. ಹಾಗಿರುವಾಗ ಸಿದ್ಧನಾದವನ ಒಳ್ಳೆಯ ಎಸೆತಗಳನ್ನು ಟ್ರಿಪಲ್-ಎಯಲ್ಲಿ ಖರ್ಚು ಮಾಡಿಸುವುದು ನನಗೆ ದಂಡ ಅನಿಸುತ್ತದೆ.

ಈಗ ದುಡ್ಡಿನ ಮಾತು. ಸಭೆಗಳಲ್ಲಿ ನಿಜವಾದ ಜಗಳ ನಡೆಯುವುದು ಇಲ್ಲಿ. ಮೇಜರ್ ಲೀಗ್ ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿ) 172 ದಿನ ಇದ್ದರೆ ಒಂದು ಸರ್ವಿಸ್ ವರ್ಷ. ಅಂಥ ಆರು ವರ್ಷ ಆದಮೇಲೆ ಆಟಗಾರ ಸ್ವತಂತ್ರ, ಯಾವ ಕ್ಲಬ್ಬಿಗಾದರೂ ಹೋಗಬಹುದು. ಏಪ್ರಿಲ್‌ನಲ್ಲಿ ಒಂದೆರಡು ವಾರ ಕೆಳಗೇ ಕೂರಿಸಿದರೆ ಕ್ಲಬ್ಬಿಗೆ ಏಳನೇ ವರ್ಷವೂ ದಕ್ಕುತ್ತದೆ. ಈ ಜಾಣತನ ತಡೆಯಲು ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಹೊಸ ನಿಯಮ ಬಂತು: ವರ್ಷದ ಶ್ರೇಷ್ಠ ಹೊಸಬರ ಮತದಾನದಲ್ಲಿ ಮೊದಲೆರಡು ಸ್ಥಾನಕ್ಕೆ ಬಂದವನಿಗೆ ಪೂರ್ತಿ ವರ್ಷದ ಸರ್ವಿಸ್. ಪಿಟ್ಸ್‌ಬರ್ಗ್ ಪೈರೇಟ್ಸ್ ಪಾಲ್ ಸ್ಕೀನ್ಸ್‌ನನ್ನು 2024ರ ಮೇ 11ರಂದು ಆಡಿಸಿತು. ಟ್ರಿಪಲ್-ಎಯಲ್ಲಿ ಅವನ ಇಆರ್‌ಎ 0.99 ಇತ್ತು. ಅವನು ಆ ಪ್ರಶಸ್ತಿ ಗೆದ್ದು ಪೂರ್ತಿ ವರ್ಷವನ್ನೂ ಪಡೆದ, ತಡಮಾಡಿದ್ದರಿಂದ ಕ್ಲಬ್ಬಿಗೆ ಏಳನೇ ವರ್ಷವೇನೂ ಸಿಗಲಿಲ್ಲ. ನಮ್ಮ ಸಭೆಯಲ್ಲಿ ಲೆಕ್ಕಪತ್ರದವರು ಏಳನೇ ವರ್ಷದ ಮಾತೆತ್ತಿದಾಗಲೆಲ್ಲ ನಾನು ಕೇಳುವುದು ಇಷ್ಟೇ: ಆ ಏಳನೇ ವರ್ಷದ ಹೊತ್ತಿಗೆ ಈ ಮೊಣಕೈ ಹೇಗಿರುತ್ತದೆ ಎಂದು ಯಾರಾದರೂ ಬರೆದು ಕೊಡುತ್ತೀರಾ? ಬ್ಯಾಟರ್‌ಗಳ ವಿಷಯದಲ್ಲಿ ಆ ವಾದಕ್ಕೆ ಒಂದಿಷ್ಟು ತೂಕವಿದೆ, ಪಿಚರ್‌ಗಳ ವಿಷಯದಲ್ಲಿ ಇಲ್ಲ.

ಹುಡುಗನ ಕಡೆಯಿಂದಲೂ ನೋಡಬೇಕಲ್ಲ. ಮೈನರ್ ಲೀಗ್ ಆಟಗಾರರ 2023ರ ಒಪ್ಪಂದದಲ್ಲಿ ಟ್ರಿಪಲ್-ಎಯ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಮೇಜರ್ ಲೀಗ್‌ನಲ್ಲಿ ಆ ವರ್ಷ ಕನಿಷ್ಠವೇ 7,20,000. ಕ್ಲಬ್ ಉಳಿಸುವ ಎರಡು ವಾರ ಅವನಿಗೆ ಎಷ್ಟೆಂದು ಅವನಿಗೂ ಲೆಕ್ಕ ಬರುತ್ತದೆ.

ಸೋಲುವ ವರ್ಷಗಳು ಪಿಚರ್‌ಗೆ ಕಲಿಯಲು ಅಗ್ಗದ ವರ್ಷಗಳು ಎಂದು ನಾನು ವಾದಿಸುವುದು ಹಳೆಯ ದಾಖಲೆಗಳ ಬಲದ ಮೇಲೆ. 1988ರಲ್ಲಿ ಅಟ್ಲಾಂಟಾ ಬ್ರೇವ್ಸ್ 106 ಪಂದ್ಯ ಸೋತಿತು. ಟಾಮ್ ಗ್ಲಾವಿನ್‌ಗೆ 22 ವರ್ಷ, 7 ಗೆಲುವು, 17 ಸೋಲು. ಜಾನ್ ಸ್ಮೋಲ್ಟ್ಸ್‌ಗೆ 21, ಇಆರ್‌ಎ 5.48. ಇಬ್ಬರನ್ನೂ ಎಸೆಯಲು ಬಿಟ್ಟರು. 1991ರಲ್ಲಿ ಆ ತಂಡ ವರ್ಲ್ಡ್ ಸೀರೀಸ್ ಆಡಿತು, ಗ್ಲಾವಿನ್ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಹ್ಯೂಸ್ಟನ್‌ನ ಡಲ್ಲಾಸ್ ಕೈಕಲ್ ಮೊದಲ ಎರಡು ವರ್ಷ ಐದಕ್ಕೂ ಮೇಲಿನ ಇಆರ್‌ಎಯಲ್ಲಿ ಒದೆ ತಿಂದು, 2015ರಲ್ಲಿ ಅದೇ ಪ್ರಶಸ್ತಿ ಗೆದ್ದ. ಗೆಲ್ಲಲೇಬೇಕಾದ ತಂಡದಲ್ಲಿ ಇವರಿಗೆ ಅಷ್ಟು ಕಾಲ ಯಾರು ಕೊಡುತ್ತಿದ್ದರು? ಹಾಗೆ ಬಿಟ್ಟದ್ದರಿಂದ ಹಾಳಾದವರ ಹೆಸರು ಪುಸ್ತಕಗಳಲ್ಲಿ ಉಳಿಯುವುದಿಲ್ಲ ಅನ್ನುವುದೂ ನನಗೆ ಗೊತ್ತು. ಮೈನರ್ ಲೀಗ್ ತಂಡಗಳನ್ನು ನೋಡಿಕೊಳ್ಳುವ ನಮ್ಮ ಫಾರ್ಮ್ ಡೈರೆಕ್ಟರ್ ಇದನ್ನೇ ಹಿಡಿದುಕೊಂಡು ನನ್ನನ್ನು ಕಾಡುತ್ತಾರೆ.

ಅದಕ್ಕೇ ಮೇಲಕ್ಕೆ ಎಂದು ಬರೆದಾಗ ಎರಡು ಷರತ್ತು ಸೇರಿಸುತ್ತೇನೆ. ಒಂದು, ಅನುಭವಿ ಕ್ಯಾಚರ್ ಇರಬೇಕು. ಬೇರೆ ಎಲ್ಲ ಜಾಗದಲ್ಲೂ ಹುಡುಗರನ್ನು ಆಡಿಸಿ, ಆ ಜಾಗಕ್ಕೆ ಮಾತ್ರ ದುಡ್ಡು ಕೊಟ್ಟು ಹಳಬನನ್ನು ತನ್ನಿ. ಎರಡು, ಸರದಿ ಬರುವ ದಿನಗಳನ್ನು ಹುಡುಗನಿಗೆ ಮೊದಲೇ ಹೇಳಿ, ಎಷ್ಟೇ ರನ್ ಬಿದ್ದರೂ ಅಷ್ಟೂ ಪಂದ್ಯ ಅವನದೇ ಅಂತ ತಿಳಿಸಿ. ಒಂದು ಕೆಟ್ಟ ರಾತ್ರಿಗೆ ಕೆಳಗಿಳಿಸಿ, ಯಾರಿಗೋ ಗಾಯವಾದಾಗ ಮೇಲೆಳೆದು, ಮತ್ತೆ ಇಳಿಸಿ ಹುಡುಗರನ್ನು ಹಿಂಡುವುದನ್ನು ಕಂಡಿದ್ದೇನೆ. ಒಬ್ಬನನ್ನು ವರ್ಷಕ್ಕೆ ಐದು ಸಲಕ್ಕಿಂತ ಹೆಚ್ಚು ಇಳಿಸುವಂತಿಲ್ಲ ಅನ್ನುವ ನಿಯಮ 2022ರಲ್ಲಿ ಬಂದದ್ದು ಸುಮ್ಮನೆ ಅಲ್ಲ. ನಿಜಕ್ಕೂ ಇಳಿಸಲೇಬೇಕಾದರೆ ಪೂರ್ತಿ ಇಳಿಸಬೇಕು. 2000ರಲ್ಲಿ ರಾಯ್ ಹ್ಯಾಲಡೇಯ ಇಆರ್‌ಎ 10.64. ಟೊರಾಂಟೊ ಮುಂದಿನ ವರ್ಷ ಅವನನ್ನು ಕೆಳಗಿನ ಹೈ-ಎವರೆಗೆ ಕಳಿಸಿ ಎಸೆಯುವ ರೀತಿಯನ್ನೇ ಹೊಸದಾಗಿ ಕಟ್ಟಿಸಿತು. 2003ರಲ್ಲಿ ಸೈ ಯಂಗ್ ಅವನದಾಯಿತು.

ಎಡಗೈ ಹುಡುಗ ಟ್ರಿಪಲ್-ಎಯಲ್ಲಿ ಸಾಕಷ್ಟು ಹೊಡೆಸಿಕೊಂಡು, ಆಗಸ್ಟ್ ಕೊನೆಯಲ್ಲಿ ಮೇಲೆ ಬಂದ. ಆ ತಿಂಗಳನ್ನು ಆರಿಸಿದ್ದಕ್ಕೂ ಕಾರಣವಿತ್ತು: 45 ದಿನ, 50 ಇನಿಂಗ್ಸ್ ಒಳಗಿದ್ದರೆ ಮುಂದಿನ ವರ್ಷವೂ ಅವನು ಹೊಸಬನೇ, ಪ್ರಶಸ್ತಿಯ ದಾರಿ ತೆರೆದೇ ಇರುತ್ತದೆ. ಇಲ್ಲಿ ಲೆಕ್ಕಪತ್ರದವರೂ ನಾನೂ ಒಂದೇ ಮಾತಿಗೆ ಬಂದೆವು, ಅಪರೂಪಕ್ಕೆ.

ಈಗ ಚರ್ಚೆ ಇನ್ನೊಬ್ಬನ ಮೇಲೆ. ಡಬಲ್-ಎಯಲ್ಲಿ ಇಪ್ಪತ್ತರ ಹುಡುಗ, ಮೂರು ಎಸೆತವೂ ಕೈಗೆ ಬಂದಿವೆ, ಹಿಂದೆ ಬಿದ್ದ ಕೌಂಟ್‌ನಲ್ಲೂ ಚೇಂಜ್‌ಅಪ್ ಹಾಕಲು ಹೆದರುವುದಿಲ್ಲ. ಫಾರ್ಮ್ ಡೈರೆಕ್ಟರ್‌ಗೆ ಅವನು ಟ್ರಿಪಲ್-ಎ ಬಿಟ್ಟು ನೇರ ಮೇಲಕ್ಕೆ ಬರಬೇಕು. ನಾನು ಟ್ರಿಪಲ್-ಎಗೆ ಕಳಿಸಿ ಎಂದು ಬರೆದಿದ್ದೇನೆ, ಮೇಜರ್ ಲೀಗ್ ಚೆಂಡಿನಲ್ಲಿ ಎರಡು ಭಾನುವಾರಗಳನ್ನು ನೋಡುವವರೆಗೆ ಅಲ್ಲಿರಲಿ.