ಸೇಡಂ ಸೀಮೆಯಲ್ಲಿ ಥೆರಪಿಗೆ ಸಿಎಸ್‌ಆರ್ ಹಣ: ನನ್ನ ಅನುಭವ

"ಕಿವಿ ಮಷೀನಿಗೆ ಕೊಡ್ತಾರ್ರಿ, ಮಾತು ಕಲಿಸ್ಲಿಕ್ಕ ಯಾವ ಕಂಪನಿನೂ ಕೊಡಂಗಿಲ್ಲ" ಅಂತ ಕಲಬುರಗಿಯ ಬೇರೆ ಸಂಸ್ಥೆಗಳವರು ಹೇಳುತ್ತಿದ್ದರು. ನಮ್ಮ ಸಂಸ್ಥೆ ನೋಡಿಕೊಳ್ಳುವ ಸೇಡಂ, ಚಿತ್ತಾಪುರ ಕಡೆಯ ಕಿವಿ ಕೇಳದ 30 ಮಕ್ಕಳ ಮಾತಿನ ಥೆರಪಿಗೆ ಸಿಮೆಂಟ್ ಕಾರ್ಖಾನೆಯೊಂದರ ಸಿಎಸ್‌ಆರ್ ಹಣ (ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ತೆಗೆದಿಡುವ ಪಾಲು) ಈಗ ಎರಡನೇ ವರ್ಷವೂ ಬಂದಿದೆ. ತೆರಿಗೆ ವಿನಾಯಿತಿ, ಸಿಎಸ್‌ಆರ್ ನೋಂದಣಿಯ ಕಾಗದಗಳು ಸಂಸ್ಥೆ ನಡೆಸುವ ನಿಮ್ಮ ಬಳಿ ಇದ್ದೇ ಇರುತ್ತವೆ, ಆ ಮಾತು ಬಿಡುತ್ತೇನೆ.

ಮೊದಲು ಕೆಟ್ಟದ್ದು ಮಾರ್ಚ್‌ನಲ್ಲಿ. 31ರೊಳಗೆ ಖರ್ಚಾಗಬೇಕಿದ್ದ ಹಣದಲ್ಲಿ ಒಂದೇ ದಿನ 40 ಮಷೀನು ಹಂಚಿದೆವು. ಆರು ತಿಂಗಳಲ್ಲಿ ಅರ್ಧದಷ್ಟು ಟ್ರಂಕ್ ಸೇರಿದ್ದವು. ಸೆಲ್ ತೀರಿದ್ದವು, ಕಿವಿ ಬೆಳೆದು ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಸಡಿಲಾಗಿ ಸೀಟಿ ಹೊಡೆಯುತ್ತಿತ್ತು. ಸೀಟಿ ತಾಳದೆ ತಾಯಿ ವಾಲ್ಯೂಮ್ ಇಳಿಸಿದರೆ ಮಗುವಿಗೆ ಏನೂ ಕೇಳದು, ಕಿತ್ತು ಎಸೆಯುತ್ತದೆ. ಮಷೀನು ಹೇಗೂ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಿಗುತ್ತದೆ. ಕಂಪನಿಯನ್ನು ಕೇಳಬೇಕಾದದ್ದು ಆಮೇಲಿನ ಖರ್ಚು.

ಮರುವರ್ಷ ಥೆರಪಿಸ್ಟ್ ಸಂಬಳವನ್ನು 'ಆಡಳಿತ ವೆಚ್ಚ'ದಲ್ಲಿ ಬರೆದೆವು. ಕಂಪನಿಯವರು ಶೇ 5ರ ಮಿತಿ ತೋರಿಸಿ ಹೊಡೆದುಹಾಕಿದರು. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ; ಯೋಜನೆ ನಡೆಸಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ. ಸಂಬಳವನ್ನು 'ಥೆರಪಿ ಸೇವೆ' ಎಂಬ ಸಾಲಿಗೆ ತಂದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ.

ಕೆಲಸ ಆದದ್ದು ಒಂದು ಮಗು, ಒಂದು ವರ್ಷ ಎಂಬ ಲೆಕ್ಕದಿಂದ. ಥೆರಪಿಸ್ಟ್‌ಗೆ ತಿಂಗಳಿಗೆ ಸುಮಾರು 35,000 ರೂಪಾಯಿ, ಅಂದರೆ ಮಗುವಿಗೆ ವರ್ಷಕ್ಕೆ 14,000. ಅವರ ಓಡಾಟ 3,200. ಎರಡೂ ಕಿವಿಗೆ 675 ನಂಬರಿನ ಸೆಲ್ ವರ್ಷಕ್ಕೆ 70ರ ಆಸುಪಾಸು, 2,500. ಸಣ್ಣ ಮಕ್ಕಳಿಗೆ ಮೂರು-ನಾಲ್ಕು ಜೊತೆ ಮೋಲ್ಡ್, 2,800. ಒಟ್ಟು 22,500; 30 ಮಕ್ಕಳಿಗೆ ಆರೂಮುಕ್ಕಾಲು ಲಕ್ಷ. ತಾಯಂದಿರ ಬಸ್ ಖರ್ಚನ್ನು 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತೆಗೆದೆವು. ಅರ್ಜಿ ಕೊಟ್ಟದ್ದು ಅಕ್ಟೋಬರ್‌ನಲ್ಲಿ, 'ಚಾಲ್ತಿ ಯೋಜನೆ' ಎಂದೇ ಬರೆದು. ಹಾಗಾದರೆ ಉಳಿದ ಹಣ ಮಾರ್ಚ್‌ಗೆ ಸಾಯುವುದಿಲ್ಲ, ಪ್ರತ್ಯೇಕ ಖಾತೆಯಲ್ಲಿ ಉಳಿಯುತ್ತದೆ. ಕಾರ್ಖಾನೆಯ ಗಣಿಯ ಸುತ್ತಲಿನ ಹಳ್ಳಿಗಳ ಹೆಸರನ್ನು ಮೊದಲ ಪುಟದಲ್ಲೇ ಹಾಕಿದೆವು. 

ಕಂಪನಿಗೆ ತೋರಿಸೋಣವೆಂದರೆ ಮಾತು ಫೋಟೋದಲ್ಲಿ ಕಾಣುವುದಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ಅವೇ ಹತ್ತು ಚಿತ್ರ ತೋರಿಸಿ, ಅದೇ ಫೋನಿನಲ್ಲಿ ಮಗುವಿನ ಮಾತಿನ ಎರಡು ನಿಮಿಷದ ಧ್ವನಿಮುದ್ರಣ. ಪಾಲಕರ ಸಹಿ ಬೇಕೇ ಬೇಕು, ಮುಖ ಬೇಡ. ಮಷೀನಿನಲ್ಲಿ ಸರಿಯಾಗಿ ಕೇಳುತ್ತದೆಯೇ ಎಂದು ನೋಡಲು ದಿನಾ ಬೆಳಿಗ್ಗೆ ತಾಯಿ ಮಗುವಿನ ಹಿಂದೆ ನಿಂತು ಆ, ಈ, ಊ, ಶ್, ಸ್, ಮ್ ಎನ್ನುತ್ತಾಳೆ, ಕೇಳಿಸಿದ್ದಕ್ಕೆ ಚೀಟಿಯಲ್ಲಿ ಗುರುತು ಹಾಕುತ್ತಾಳೆ. ಆ ಚೀಟಿಗಳ ಕಟ್ಟು ಮೇಜಿನ ಮೇಲಿಟ್ಟ ದಿನವೇ ಎರಡನೇ ಕಂತು ಒಪ್ಪಿದರು.

ಇದರ ಜೊತೆಗೇ ಲಕ್ವಾ ಹೊಡೆದು ಮಾತು ನಿಂತವರಿಗೆ ಬೇಕಾದದ್ದನ್ನು ಬೆರಳಿಟ್ಟು ತೋರಿಸಲು ಲ್ಯಾಮಿನೇಟ್ ಮಾಡಿದ ಚಿತ್ರದ ಹಾಳೆ ಮಾಡಿ ನೋಡಿದೆವು. 40 ಚಿತ್ರ ಹಾಕಿದಾಗ ಯಾರೂ ಮುಟ್ಟಲಿಲ್ಲ. ಎ4 ಹಾಳೆಗೆ 12ಕ್ಕೆ ಇಳಿಸಿ, ಬ್ರೆಡ್ ತೆಗೆದು ಜೋಳದ ರೊಟ್ಟಿ ಹಾಕಿದ ಮೇಲೆ ಬೆರಳು ಇಡತೊಡಗಿದರು. ಒಂದಕ್ಕೆ 60 ರೂಪಾಯಿಯೊಳಗೆ ಆಗುತ್ತದೆ, ಇದನ್ನು ದಾಲ್ ಮಿಲ್‌ನವರೊಬ್ಬರು ವಹಿಸಿಕೊಂಡಿದ್ದಾರೆ.

ಬಗೆಹರಿಯದ್ದು ತೊಗರಿ ರಾಶಿಯ ಕಾಲ. ಡಿಸೆಂಬರ್, ಜನವರಿಯಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಕೆಲವು ಮನೆಯವರು ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಹೋಗುವವರ ಕೈಗೆ ನಾಲ್ಕು ತಿಂಗಳ ಸೆಲ್ ಕೊಟ್ಟು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಥೆರಪಿ ನಡೆಸುವ ಖರ್ಚನ್ನು ಈ ಅಕ್ಟೋಬರ್‌ನ ಅರ್ಜಿಗೆ ಸೇರಿಸುತ್ತಿದ್ದೇವೆ.