ಇಂಡೆಕ್ಸ್ ಫಂಡ್ ಆರಿಸುವಾಗ ಮೊದಲು ಖರ್ಚು ನೋಡಿ

ನಿವೃತ್ತಿಗೆಂದು ಇಂಡೆಕ್ಸ್ ಫಂಡ್ (ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ಹುಡುಕುತ್ತಿರುವವರು ಕಳೆದ ವರ್ಷದ ಲಾಭಕ್ಕಿಂತ ಮೊದಲು ಎಕ್ಸ್‌ಪೆನ್ಸ್ ರೇಶಿಯೋ, ಅಂದರೆ ಫಂಡ್ ವರ್ಷಕ್ಕೆ ಶೇಕಡಾ ಎಷ್ಟು ಶುಲ್ಕ ಹಿಡಿಯುತ್ತದೆ ಎಂದು ನೋಡಿ. ಒಂದೇ ಸೂಚ್ಯಂಕದ ಫಂಡ್‌ಗಳೆಲ್ಲ ಕೊಳ್ಳುವುದು ಹೆಚ್ಚುಕಡಿಮೆ ಅವೇ ಷೇರುಗಳನ್ನು. ಹೆಚ್ಚು ಶುಲ್ಕ ಯಾಕೆ ಕೊಡಬೇಕು?

ಲೆಕ್ಕ ಹಾಕಿ: ಮಾರುಕಟ್ಟೆ ವರ್ಷಕ್ಕೆ ಶೇ. 7ರಂತೆ ಬೆಳೆದರೆ, ಶೇ. 0.2 ಶುಲ್ಕದ ಫಂಡ್‌ನಲ್ಲಿ ಹಾಕಿದ 100, 30 ವರ್ಷದಲ್ಲಿ ಸುಮಾರು 720 ಆಗುತ್ತದೆ. ಶುಲ್ಕ ಶೇ. 1.2 ಇದ್ದರೆ ಸುಮಾರು 543 ಅಷ್ಟೇ. ಹತ್ತಿರಹತ್ತಿರ ಕಾಲು ಭಾಗ ಹೋಯಿತು! ಇದಕ್ಕೆ ಬೇರೆ ಬಿಲ್ ಬರುವುದಿಲ್ಲ, ದಿನದಿನದ ಎನ್‌ಎವಿಯಲ್ಲೇ (ಫಂಡ್‌ನ ಒಂದು ಯೂನಿಟ್‌ನ ಬೆಲೆಯಲ್ಲೇ) ಕಳೆದಿರುತ್ತದೆ. ಹಾಗಾಗಿ ಗಮನಕ್ಕೇ ಬರುವುದಿಲ್ಲ.

ಶುಲ್ಕ ಸರಿಸಮ ಇದ್ದರೆ, ಡಿವಿಡೆಂಡ್ ಸೇರಿಸಿದ ಸೂಚ್ಯಂಕಕ್ಕಿಂತ ಯಾವ ಫಂಡ್ ಕಡಿಮೆ ಹಿಂದೆ ಬಿದ್ದಿದೆ ಎಂದು ಹೋಲಿಸಿ. ಈಗಾಗಲೇ ದುಬಾರಿ ಫಂಡ್‌ನಲ್ಲಿದ್ದೀರಾ? ಬದಲಿಸುವ ಮುಂಚೆ ತೆರಿಗೆ, ಎಕ್ಸಿಟ್ ಲೋಡ್ (ಹಣ ಹಿಂತೆಗೆಯುವಾಗ ಫಂಡ್ ಹಿಡಿಯುವ ಶುಲ್ಕ) ಎಷ್ಟು ಬೀಳುತ್ತದೆಂದು ದಯವಿಟ್ಟು ವಿಚಾರಿಸಿಕೊಳ್ಳಿ.