ಬಾಯಿಗಂಟಿದ ಮಾತನ್ನು ಬರಹಕ್ಕೆ ತರುವುದು

ಮನೆಯ ನೆನಪು ಬರೆಯಲು ಕೂತವರು ಪೆನ್ನು ಹಿಡಿದ ಕೂಡಲೇ ಶಾಲೆಯ ಪ್ರಬಂಧಕ್ಕೆ ಜಾರುತ್ತಾರೆ. ‘ಅಜ್ಜಿ ಹೋಗ್ಬಿಟ್ಲು, ಪಾಪ’ ಅನ್ನುವವರೇ ‘ಪೂಜ್ಯ ಅಜ್ಜಿಯವರು ದೈವಾಧೀನರಾದರು’ ಎಂದು ಬರೆಯುತ್ತಾರೆ. ದನಿ ಅಲ್ಲೇ ಹೋಯಿತು. ಅದನ್ನು ಉಳಿಸಿಕೊಳ್ಳಬೇಕಾದರೆ ನಿಮ್ಮ ಬಾಯಿಗೆ ಯಾವ ಮಾತು ಅಂಟಿದೆ ಎಂದು ಮೊದಲು ಹುಡುಕಿ.

ಫೋನಿನ ರೆಕಾರ್ಡರ್ ಹಾಕಿಟ್ಟು, ಬರೆಯಬೇಕೆಂದಿರುವ ಸಂಗತಿಯನ್ನು ಮನೆಯವರೊಬ್ಬರಿಗೆ 5 ನಿಮಿಷ ಹೇಳಿ. ಬರೀ ಫೋನಿಗೆ ಹೇಳಿದರೆ ಭಾಷಣದ ದನಿ ಬರುತ್ತದೆ. ಎದುರಿಗೆ ಹೂಂಗುಟ್ಟುವವರು ಬೇಕೇ ಬೇಕು. ಮೊದಲ 1 ನಿಮಿಷ ಬಿಟ್ಟುಬಿಡಿ, ಆಗ ಇನ್ನೂ ಬಿಗಿ ಇರುತ್ತದೆ. ಮುಂದಿನ 2 ನಿಮಿಷದ ಮಾತನ್ನು ಏನೂ ತಿದ್ದದೆ ಕಾಗದಕ್ಕೆ ಇಳಿಸಿ. ಮೂರು ಸಲ ಬಂದ ಮಾತಿನ ಕೆಳಗೆಲ್ಲ ಗೆರೆ ಎಳೆಯಿರಿ.

ಗೆರೆ ಬಿದ್ದವುಗಳಲ್ಲಿ ‘ಅಂದ್ರೆ’, ‘ಏನಂದ್ರೆ’, ‘ಆಕ್ಚುಲಿ’ ಉಸಿರು ತೆಗೆದುಕೊಳ್ಳಲು ಬಂದವು, ಹೊಡೆದುಹಾಕಿ. ‘ಅಲ್ವಾ’, ಮೈಸೂರಿನ ‘ಕಣ್ರೀ’, ಧಾರವಾಡದ ಕಡೆಯ ‘ನೋಡ್ರಿ’, ಕರಾವಳಿಯ ‘ಮಾರಾಯ್ರೆ’ ಕೇಳುವವರನ್ನು ಹಿಡಿದು ಕೂರಿಸುವ ಮಾತು. ಪುಟಕ್ಕೆ ಒಂದು ಸಾಕು.

ಜೋಪಾನ ಮಾಡಬೇಕಾದದ್ದು ‘ಪಾಪ’, ‘ಬಿಡಿ’, ‘ಹಾಳಾದ್ದು’, ‘ಅಂತೆ’. ನಡೆದದ್ದರ ಬಗ್ಗೆ ನಿಮಗೆ ಏನನ್ನಿಸಿತು, ನಿಮಗೆ ಹೇಗೆ ಗೊತ್ತಾಯಿತು ಎಂಬುದೆಲ್ಲ ಇವುಗಳಲ್ಲೇ ಇದೆ. ‘ಪಾಪ’ ಇದ್ದ ಕಡೆ ಮರುಕದ ಇನ್ನೊಂದು ವಾಕ್ಯ ಬೇಕಿಲ್ಲ. ಇನ್ನು ‘ಅಂತೆ’. ‘ಅಜ್ಜ 12ನೇ ವಯಸ್ಸಿಗೆ ಮನೆ ಬಿಟ್ಟರು’ ಕಂಡವರ ಮಾತು; ‘ಬಿಟ್ಟರಂತೆ’ ಕೇಳಿದವರ ಮಾತು. ಗಾಳಿಮಾತಿನ ಹಾಗೆ ಕಾಣುತ್ತದೆಂದು ಇದನ್ನು ಅಳಿಸುವವರೇ ಹೆಚ್ಚು. ಅಳಿಸಿದರೆ ನೀವು ಹುಟ್ಟುವ ಮುಂಚಿನದಕ್ಕೂ ನೀವೇ ಸಾಕ್ಷಿಯಾಗುತ್ತೀರಿ, ಹೇಳಿದ ಹಿರಿಯರು ಬರಹದಿಂದ ಮಾಯವಾಗುತ್ತಾರೆ. ಹಾಗೆಂದು ಪ್ರತಿ ಕ್ರಿಯಾಪದಕ್ಕೂ ಅಂಟಿಸಿದರೆ ಓದಲಾಗುವುದಿಲ್ಲ. ಕೇಳಿದ ಕಥೆ ಶುರುವಾಗುವ ವಾಕ್ಯಕ್ಕೊಂದು, ಮುಗಿಯುವ ವಾಕ್ಯಕ್ಕೊಂದು ಇಟ್ಟು ನಡುವಿನದನ್ನು ನೇರವಾಗಿ ಹೇಳಿ. ಯಾರು ಹೇಳಿದ್ದೆಂದು ಗೊತ್ತಿದ್ದರೆ ಇನ್ನೂ ಒಳ್ಳೆಯದು: ‘ದೊಡ್ಡತ್ತೆ ಹೇಳುತ್ತಿದ್ದರು’ ಎಂದೇ ಶುರು ಮಾಡಿ.

ಉಚ್ಚಾರಣೆಯನ್ನೆಲ್ಲ ಅಕ್ಷರಕ್ಕೆ ಇಳಿಸಲು ಹೋಗಬೇಡಿ. ‘ಕೂತ್ಕೊಂಡ್ಬಿಟ್ಟಿದ್ಲು’ ಕಿವಿಗೆ ಸಲೀಸು, ಕಣ್ಣಿಗೆ ಒತ್ತಕ್ಷರಗಳ ಗುಡ್ಡೆ. ‘ಕುಳಿತಿದ್ದಳು’ ಎಂದು ಪೂರ್ತಿ ತಿದ್ದಿದರೆ ‘ಬಿಡು’ ತಂದಿದ್ದ ಅಚ್ಚರಿಯೇ ಹೋಗುತ್ತದೆ. ‘ಕೂತುಬಿಟ್ಟಿದ್ದಳು’ ಸರಿಯಾದ ಜಾಗ. ಮನೆಯವರ ಬಾಯಲ್ಲಿ ಬರುವ ಮಾತನ್ನು ಮಾತ್ರ ಆಡಿದ ಹಾಗೇ ಬರೆಯಿರಿ. ‘ಐತಿ’ಯೋ ‘ಉಂಟು’ವೋ ನಿಮ್ಮ ಮನೆಮಾತಾದರೆ ನಿರೂಪಣೆಯಲ್ಲೂ ಇರಲಿ, ಆದರೆ ಕೊನೆಯವರೆಗೂ ಇರಲಿ. ಒಂದು ಸಾಲಲ್ಲಿ ‘ಉಂಟು’, ಮುಂದಿನದರಲ್ಲಿ ‘ಇದೆ’ ಬಂದರೆ ಇಬ್ಬರು ಕೂತು ಬರೆದ ಹಾಗಿರುತ್ತದೆ.

ಮಾತಾಡುವಾಗ ಕ್ರಿಯಾಪದದ ಆಚೆಗೂ ಪದ ಬೀಳುತ್ತದೆ: ‘ಬಂದಿದ್ದರು ನಿನ್ನೆ, ಸೋದರಮಾವ.’ ಪ್ಯಾರಾಕ್ಕೆ ಇಂಥದ್ದೊಂದು ಇದ್ದರೆ ಚೆಂದ. ಸಾಲುಸಾಲಾಗಿ ಬಂದರೆ ನಾಟಕದ ಸಂಭಾಷಣೆ.

ಬರೆದದ್ದನ್ನು ಒಂದು ದಿನ ಎತ್ತಿಟ್ಟು, ಅಂದು ಹೂಂಗುಟ್ಟಿದವರಿಗೇ ಗಟ್ಟಿಯಾಗಿ ಓದಿ ಹೇಳಿ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿ ಸಾಮಾನ್ಯವಾಗಿ ನೀವು ಯಾವತ್ತೂ ಆಡದ ಪದ ಕೂತಿರುತ್ತದೆ. ‘ಪ್ರಾರಂಭಿಸಿದೆವು’ ಇದ್ದರೆ ‘ಶುರು ಮಾಡಿದೆವು’ ಎಂದು ತಿದ್ದಿ, ಮತ್ತೆ ಅದೇ ಸಾಲನ್ನು ಓದಿ.